ಮಾವಿನಹಣ್ಣಿನ ವಾಸನೆ

"ನೀನೇ ತಾನೆ ಇದನ್ನ ಮೊದಲು ನಮ್ಮನೆಗೆ ತಂದಿದ್ದು?"

ಅಕ್ಕ ಕೇಳಿದ್ದು ಇಷ್ಟೇ. ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ, ಅವಳ ಅಡುಗೆಮನೆಯಲ್ಲಿ. ಕಟ್ಟೆಯ ಮೇಲೆ ಹೈಲೈಟರ್ ಪೆನ್ನಿನಷ್ಟು ದಪ್ಪದ, ತಿಳಿಹಸಿರು ಬಣ್ಣದ ಒಂದು ವಸ್ತು ಇತ್ತು. ಮೂಗಿನ ಹತ್ತಿರ ಹಿಡಿದರೆ ಮಾವಿನಹಣ್ಣಿನ ವಾಸನೆ. ನಿಜವಾದ ಹಣ್ಣಿನದ್ದಲ್ಲ, ಮಾವಿನ ಚಾಕೊಲೇಟಿನದ್ದು. ಒಂಬತ್ತನೇ ಕ್ಲಾಸಿನಲ್ಲಿರೋ ಅವಳ ಮಗನ ಜಾಮಿಟ್ರಿ ಬಾಕ್ಸಿನಲ್ಲಿ ಸಿಕ್ಕಿದ್ದು. ಅದೇನು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಿರುತ್ತೆ ಅಂತ ಅವಳಿಗೂ ಗೊತ್ತಿತ್ತು. ಅದಕ್ಕೇ ಭಾವನಿಗೆ ಹೇಳೋ ಮೊದಲು ನನಗೆ ಫೋನ್ ಮಾಡಿದ್ದಳು.

ಅವಳ ಪ್ರಶ್ನೆಗೆ ಉತ್ತರ ಹೌದು. ತಂದವನು ನಾನೇ. ಆದರೆ ತಂದಿದ್ದು ಅಪ್ಪನಿಗೆ.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ತಿಪಟೂರು ಡಿಪೋದಿಂದ ಹೊರಡೋ ರಾತ್ರಿ ರೂಟುಗಳಲ್ಲೇ ಅವರ ಅರ್ಧ ಆಯುಷ್ಯ ಕಳೆದಿದ್ದು. ನಿದ್ದೆ ತಡೆಯೋಕೆ ಅಂತ ಹತ್ತೊಂಬತ್ತನೇ ವಯಸ್ಸಿನಲ್ಲಿ ಶುರುವಾದ ಬೀಡಿ, ಸಂಬಳ ಜಾಸ್ತಿಯಾದ ಹಾಗೆ ಫಿಲ್ಟರ್ ಸಿಗರೇಟಾಯ್ತು. ರಿಟೈರ್ ಆಗಿ ನಿದ್ದೆ ತಡೆಯೋ ಅಗತ್ಯ ತಪ್ಪಿದ ಮೇಲೂ ದಿನಕ್ಕೆ ಹದಿನೈದರಿಂದ ಕೆಳಗೆ ಇಳಿಯಲಿಲ್ಲ. ನಮ್ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಸುಪ್ರಭಾತದಿಂದಲ್ಲ, ಬಚ್ಚಲಲ್ಲಿ ಅಪ್ಪ ಕೆಮ್ಮೋ ಸದ್ದಿನಿಂದ. ಬಿಡೋ ಪ್ರಯತ್ನ ಮಾಡಿಲ್ಲ ಅಂತಲ್ಲ. ಧರ್ಮಸ್ಥಳಕ್ಕೆ ಹೋಗಿ ಹರಕೆ ಹೊತ್ತರು, ಮೂರು ವಾರ ನಡೀತು. ಮೆಡಿಕಲ್ ಶಾಪಿಂದ ನಿಕೋಟಿನ್ ಗಮ್ ತಂದುಕೊಟ್ಟೆ. ಅದು ಅವರ ಹಲ್ಲಿನ ಸೆಟ್ಟಿಗೆ ಮೆತ್ತಿಕೊಂಡು, "ಇದನ್ನ ಹಲ್ಲಿರೋರಿಗೆ ಕೊಡಪ್ಪ" ಅಂತ ವಾಪಸ್ ಕೊಟ್ಟರು.

2018ರಲ್ಲಿ ಆಫೀಸ್ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದೆ. ಅಲ್ಲಿ ಹೈಸ್ಟ್ರೀಟಿನಲ್ಲಿ, ನಮ್ಮಲ್ಲಿ ಕನ್ನಡಕದ ಅಂಗಡಿ ಇರುತ್ತಲ್ಲ, ಹಾಗೆ ವೇಪ್ ಅಂಗಡಿಗಳು. ಒಳಗೆ ಹೋಗಿ, "ನಮ್ಮ ತಂದೆ, ಅರವತ್ತನಾಲ್ಕು ವಯಸ್ಸು, ನಲವತ್ತೈದು ವರ್ಷದ ಚಟ" ಅಂದೆ. ಅಂಗಡಿಯ ಹೆಂಗಸು ಡಾಕ್ಟರ್ ಥರ ವಿಚಾರಿಸಿ, ಒಂದು ಸಾದಾ ಕಪ್ಪು ಯಂತ್ರ, ತಂಬಾಕಿನ ರುಚಿಯ ನಾಲ್ಕು ಬಾಟಲಿ ಕೊಟ್ಟಳು. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಇದರ ಮಾರಾಟ ನಿಷೇಧವಾಗಿ ಎರಡು ವರ್ಷವಾಗಿತ್ತು. 2016ರಲ್ಲೇ ನಮ್ಮ ರಾಜ್ಯ ಆ ಕೆಲಸ ಮಾಡಿತ್ತು. ನಿಜ ಹೇಳ್ತೀನಿ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತರ್ತಿದ್ದೆ ಅನ್ಸುತ್ತೆ.

ಅಪ್ಪ ಮೊದಲು ನಕ್ಕರು. "ಇದಕ್ಕೆ ಚಾರ್ಜು ಬೇರೆ ಹಾಕಬೇಕಾ? ಬೆಂಕಿಪೊಟ್ಟಣ ಸಾಕಾಗಲ್ವಾ?" ಅಂದರು. ಎರಡನೇ ವಾರಕ್ಕೆ ದಿನಕ್ಕೆ ಐದು ಸಿಗರೇಟಿಗೆ ಬಂತು. ಎರಡನೇ ತಿಂಗಳಿಗೆ ಸೊನ್ನೆ. ಅಮ್ಮ ಫೋನಿನಲ್ಲಿ, "ಮನೆ ಪರದೆ ಒಗೆದರೆ ನೀರು ಹಳದಿ ಬರ್ತಿಲ್ಲ ಕಣೋ" ಅಂದಿದ್ದು ಈಗಲೂ ಕಿವಿಯಲ್ಲಿದೆ. ಸಿಗರೇಟಿಲ್ಲದ ಆ ದಿನಗಳು ಹೆಚ್ಚುಕಮ್ಮಿ ಹದಿನಾರು ತಿಂಗಳು ನಡೆದವು. ಬಾಟಲಿಗಳನ್ನ ಲಂಡನ್ನಿಂದ ಬರೋ ಸಹೋದ್ಯೋಗಿಗಳ ಹತ್ತಿರ ತರಿಸುತ್ತಿದ್ದೆ.

2019ರ ಸೆಪ್ಟೆಂಬರ್ 18ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೇಂದ್ರದ ಸುಗ್ರೀವಾಜ್ಞೆ ಘೋಷಿಸಿದರು. ಡಿಸೆಂಬರಿನಲ್ಲಿ ಅದು ಕಾಯ್ದೆಯಾಯ್ತು. ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದಾಸ್ತಾನು ಬಿಟ್ಟು ಉಳಿದವಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಆಮೇಲೂ ಮಾಡಿದರೆ ಮೂರು ವರ್ಷ, ಐದು ಲಕ್ಷ. ಸೇದೋದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಅಪ್ಪ ಅಪರಾಧಿ ಅಲ್ಲ, ಅವರಿಗೆ ಬಾಟಲಿ ತಂದುಕೊಡೋ ನಾನು ಅಪರಾಧಿ. ಸಹೋದ್ಯೋಗಿಗಳು, "ಸಾರಿ ಬಾಸ್, ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದರೆ ವೀಸಾಗೆ ತೊಂದರೆ" ಅಂದರು. ಅವರನ್ನ ದೂರೋ ಹಾಗಿಲ್ಲ. ಕೊನೇ ಬಾಟಲಿಯನ್ನ ಅಪ್ಪ ಕಣ್ಣಿಗೆ ಡ್ರಾಪ್ಸ್ ಹಾಕೋ ಥರ ಲೆಕ್ಕ ಹಾಕಿ ಉಪಯೋಗಿಸಿದರು. ಅದು ಮುಗಿದ ಸಂಜೆ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಗೆ ಹೋದರು. ಅಲ್ಲಿ ಯಾವ ನಿಷೇಧವೂ ಇರಲಿಲ್ಲ. 2022ರಲ್ಲಿ ಡಾಕ್ಟರು ಸಿಒಪಿಡಿ ಅಂತ ಬರೆದುಕೊಟ್ಟರು. ಈಗ ಎಪ್ಪತ್ತು ದಾಟಿದೆ. ಒಂದು ಜೇಬಿನಲ್ಲಿ ಇನ್‌ಹೇಲರ್, ಇನ್ನೊಂದರಲ್ಲಿ ಪ್ಯಾಕು.

ಇದೆಲ್ಲ ಹೇಳಿದ ಮೇಲೆ ನಾನು ಯಾವ ಕಡೆ ಅಂತ ನೀವು ಊಹಿಸಿಬಿಟ್ಟಿರ್ತೀರಿ. ಅಕ್ಕನ ಅಡುಗೆಮನೆಗೆ ಹೋಗೋ ತನಕ ನಾನೂ ಹಾಗೇ ಅಂದುಕೊಂಡಿದ್ದೆ. ನಿಷೇಧ ಅಂದರೆ ಮೂರ್ಖತನ, ಸರ್ಕಾರಕ್ಕೆ ಸಿಗರೇಟಿನ ತೆರಿಗೆ ಬೇಕು, ಅಷ್ಟೇ ವಿಷಯ. ಆಫೀಸಿನ ಕೆಳಗಿನ ಚಹಾದಂಗಡಿ ಹತ್ತಿರ ಈ ವಾದವನ್ನ ಎಷ್ಟೋ ಸಲ ಗೆದ್ದಿದ್ದೆ. ಎದುರಿಗಿದ್ದವರ ಕೈಯಲ್ಲೂ ಸಿಗರೇಟು ಇರುತ್ತಿದ್ದರಿಂದ ಗೆಲ್ಲೋದು ಕಷ್ಟ ಇರಲಿಲ್ಲ.

ಆ ರಾತ್ರಿ ಹುಡುಗನನ್ನ ಕೂರಿಸಿಕೊಂಡು ಮಾತಾಡಿಸಿದೆ. ಮೊದಲು "ಫ್ರೆಂಡ್‌ದು" ಅಂದ. ಆಮೇಲೆ "ನಂದೇ ಮಾಮ" ಅಂದ. ಎಲ್ಲಿ ಸಿಗುತ್ತೆ ಅಂದರೆ, ಒಂದು ನಂಬರಿಗೆ ಮೆಸೇಜ್ ಹಾಕಿದರೆ ಅಪಾರ್ಟ್‌ಮೆಂಟ್ ಗೇಟಿಗೇ ತಂದುಕೊಡ್ತಾರಂತೆ. ಸಾವಿರದ ಇನ್ನೂರು ರೂಪಾಯಿ, ಮೂರು ಜನ ಸೇರಿ ಹಾಕೋದು. ಅದರಲ್ಲಿ ನಿಕೋಟಿನ್ ಇದೆ ಅಂತ ಗೊತ್ತಾ ಅಂದೆ. "ಇದರಲ್ಲಾ? ಇಲ್ಲ ಮಾಮ, ಇದು ಬರೀ ಫ್ಲೇವರ್" ಅಂದ. ಪೊಟ್ಟಣದ ಮೇಲೆ ಶೇಕಡಾ 5 ಅಂತ ಅಚ್ಚಾಗಿತ್ತು. ಬೆಳಗ್ಗೆ ಎದ್ದ ತಕ್ಷಣ ಬೇಕು ಅನ್ಸುತ್ತಾ ಅಂತ ಕೇಳಿದೆ. ತಲೆ ತಗ್ಗಿಸಿಕೊಂಡ. ಆ ತಲೆ ತಗ್ಗಿಸೋದು ನನಗೆ ಚೆನ್ನಾಗಿ ಪರಿಚಯ. ಹರಕೆ ಮುರಿದ ದಿನ ಅಪ್ಪನೂ ಅಮ್ಮನ ಮುಂದೆ ಹಾಗೇ ಕೂತಿದ್ದರು.

ಒಂದೇ ಮನೆ. ಒಂದೇ ಯಂತ್ರ. ಒಬ್ಬರಿಗೆ ಬಿಡೋ ದಾರಿ, ಇನ್ನೊಬ್ಬನಿಗೆ ಹಿಡಿಯೋ ದಾರಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಈಗ ನಾವು ನೋಡೋ ಥರದ ಇ-ಸಿಗರೇಟನ್ನ 2003ರ ಹೊತ್ತಿಗೆ ರೂಪಿಸಿದ್ದು ಹಾನ್ ಲಿಕ್ ಅನ್ನೋ ಚೀನಾದ ಔಷಧ ತಜ್ಞ. ಸ್ವತಃ ವಿಪರೀತ ಸೇದುತ್ತಿದ್ದವನು. ಅವನ ತಂದೆಯೂ ಸೇದುತ್ತಿದ್ದವರೇ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ಯಂತ್ರದ ತರ್ಕ ಸರಳ. ಸಿಗರೇಟಿನಲ್ಲಿ ಚಟ ಹಿಡಿಸೋದು ನಿಕೋಟಿನ್, ಆದರೆ ಕೊಲ್ಲೋದು ಮುಖ್ಯವಾಗಿ ಎಲೆ ಉರಿದಾಗ ಬರೋ ಹೊಗೆ: ಟಾರು, ಕಾರ್ಬನ್ ಮಾನಾಕ್ಸೈಡು, ಇನ್ನೂ ನೂರೆಂಟು. ಬೆಂಕಿಯನ್ನ ತೆಗೆದು ನಿಕೋಟಿನ್ ಮಾತ್ರ ಆವಿಯಾಗಿ ಕೊಟ್ಟರೆ? ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ, ಇದು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಅಪಾಯಕಾರಿ ಅಂತ ಹೇಳಿತು. ಆ ಅಂಕಿ ಅಳೆದು ಬಂದದ್ದಲ್ಲ, ಕೆಲವು ತಜ್ಞರ ಅಂದಾಜು ಅಷ್ಟೇ ಅಂತ ಆಗಲೇ ಟೀಕೆ ಬಂತು, ಟೀಕೆಯಲ್ಲಿ ಅರ್ಥವೂ ಇತ್ತು. ಆದರೂ ಕಡಿಮೆ ಅನ್ನೋದರ ಬಗ್ಗೆ ಅಷ್ಟು ಜಗಳ ಇಲ್ಲ, ಎಷ್ಟು ಕಡಿಮೆ ಅನ್ನೋದರ ಬಗ್ಗೆ ಜಗಳ. ಬಿಡಬೇಕು ಅನ್ನೋರಿಗೆ ಗಮ್ಮು, ಪ್ಯಾಚಿಗಿಂತ ನಿಕೋಟಿನ್ ಇರೋ ವೇಪು ಹೆಚ್ಚು ಸಹಾಯ ಮಾಡುತ್ತೆ ಅಂತ ಕಾಕ್ರೇನ್ ವಿಮರ್ಶೆಗಳೂ ಹೇಳಿವೆ. 2023ರಲ್ಲಿ ಬ್ರಿಟಿಷ್ ಸರ್ಕಾರ ಇಂಗ್ಲೆಂಡಿನ ಹತ್ತು ಲಕ್ಷ ಸೇದುಗರಿಗೆ ವೇಪ್ ಕಿಟ್ ಕೊಡೋ ಯೋಜನೆಯನ್ನೇ ಪ್ರಕಟಿಸಿತು.

ಇದು ಅಪ್ಪನ ಕಡೆಯ ಕಥೆ. ಹುಡುಗನ ಕಡೆಯ ಕಥೆ ಅಮೆರಿಕದ್ದು. ಅಲ್ಲಿ 2015ರಲ್ಲಿ ಪೆನ್‌ಡ್ರೈವ್ ಥರ ಕಾಣೋ ಜೂಲ್ ಬಂತು. ಮಾವಿನ ರುಚಿ ಅದರ ತುಂಬ ಜನಪ್ರಿಯ ರುಚಿಗಳಲ್ಲಿ ಒಂದು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೈಸ್ಕೂಲು ಮಕ್ಕಳಲ್ಲಿ ಶೇಕಡಾ 27.5ರಷ್ಟು ಮಂದಿ ಕಳೆದ ಮೂವತ್ತು ದಿನದಲ್ಲಿ ಇ-ಸಿಗರೇಟು ಸೇದಿದ್ದೇವೆ ಅಂದರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಇವರಲ್ಲಿ ಎಷ್ಟೋ ಜನ ಸಿಗರೇಟು ಮುಟ್ಟದೇ ಇದ್ದವರು, ಏನನ್ನೂ ಬಿಡೋಕೆ ಬಂದವರಲ್ಲ. ಅದೇ ವರ್ಷ ಅಮೆರಿಕದಲ್ಲಿ ವೇಪ್ ಮಾಡಿದವರ ಶ್ವಾಸಕೋಶ ಕೆಡೋ ವಿಚಿತ್ರ ಕಾಯಿಲೆ ಬಂತು. 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ನಮ್ಮ ಸುಗ್ರೀವಾಜ್ಞೆ ಬಂದಿದ್ದು ಆ ಗಾಬರಿಯ ನಡುವೆಯೇ. ಆ ಕಾಯಿಲೆಯ ಹಿಂದೆ ಇದ್ದದ್ದು ಹೆಚ್ಚಾಗಿ ಕಳ್ಳದಾರಿಯಲ್ಲಿ ಬಂದ ಗಾಂಜಾ ಎಣ್ಣೆಯ ಕಾರ್ಟ್ರಿಡ್ಜುಗಳು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟು ಅಂತ ಆಮೇಲೆ ಗೊತ್ತಾಯ್ತು. ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರೋ ನಿಕೋಟಿನ್ ವೇಪಿಗಿಂತ, ಗೇಟಿನ ಹತ್ತಿರ ಕೈಬದಲಾಗೋ ಹೆಸರಿಲ್ಲದ ಮಾಲಿನ ಬಗ್ಗೆ ಹೆದರಿಸಬೇಕಾದ ಸುದ್ದಿ ಅದು.

ಸರ್ಕಾರದ ವಾದವನ್ನ ನ್ಯಾಯವಾಗಿ ಇಡ್ತೀನಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 28.6 ಮಂದಿ ತಂಬಾಕು ಬಳಸ್ತಾರೆ, ಆದರೆ ಸೇದೋರು ಶೇಕಡಾ 10.7 ಮಾತ್ರ. ಉಳಿದವರದ್ದು ಹೆಚ್ಚಾಗಿ ಅಗಿಯೋ ತಂಬಾಕು. ಬ್ರಿಟನ್ನಿನ ಲೆಕ್ಕ ಇಲ್ಲಿ ಕೂರೋದಿಲ್ಲ. ಗುಟ್ಕಾ, ಖೈನಿ ಹಾಕೋರಿಗೆ ವೇಪ್ ಕೊಟ್ಟು ಏನು ಪ್ರಯೋಜನ? ಇಲ್ಲಿ ಅದರಿಂದ ಬಚಾವಾಗೋರು ಕಡಿಮೆ, ಸಿಕ್ಕಿಬೀಳಬಹುದಾದ ಎಳೆಯರು ಕೋಟಿಗಟ್ಟಲೆ. ಒಂದು ಹೊಸ ಚಟ ದೇಶದೊಳಗೆ ಬೇರು ಬಿಡೋ ಮೊದಲೇ ಕಿತ್ತುಬಿಡೋಣ. ಸಿಗರೇಟನ್ನ ಈಗ ನಿಷೇಧಿಸೋಕೆ ಹೋದರೆ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು, ಕರಾವಳಿಯಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸೋ ಹೆಂಗಸರು ಬೀದಿಗೆ ಬೀಳ್ತಾರೆ. ವೇಪ್ ನಿಲ್ಲಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಾಗಲ್ಲ.

ಗಟ್ಟಿ ವಾದ ಇದು. ಅಕ್ಕ ಇದನ್ನೇ ಒಂದು ವಾಕ್ಯದಲ್ಲಿ ಹೇಳಿದಳು: "ನಿಷೇಧ ಇದ್ದೂ ಅವನ ಕ್ಲಾಸಲ್ಲಿ ಮೂವರು ಕಣೋ, ಮೂಲೆ ಅಂಗಡೀಲಿ ಸಿಗೋ ಹಾಗಿದ್ದಿದ್ದರೆ ಮೂವತ್ತು." ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮೆರಿಕದ ಅಂಕಿ ಅವಳ ಕಡೆಗಿತ್ತು.

ಹಾಗಾದರೆ ತಕರಾರು ಏನು?

ನಮ್ಮಂಥವರು ಇಂಥ ಚರ್ಚೆ ಬಂದಾಗ ಮೊದಲು ಎತ್ತೋದು ಸ್ವಾತಂತ್ರ್ಯದ ಮಾತು. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ‘ಆನ್ ಲಿಬರ್ಟಿ’ಯಲ್ಲಿ ಬರೆದದ್ದರ ಸಾರ ಪುಸ್ತಕ ಓದದೇ ಇರೋರಿಗೂ ಗೊತ್ತು: ನಾನು ಬೇರೆಯವರಿಗೆ ತೊಂದರೆ ಕೊಡದಿದ್ದರೆ, ನನ್ನ ಒಳ್ಳೇದಕ್ಕೇ ಅಂತ ನನ್ನನ್ನ ತಡೆಯೋ ಹಕ್ಕು ಯಾರಿಗೂ ಇಲ್ಲ. ಮಕ್ಕಳಿಗೆ ಈ ಮಾತು ಅನ್ವಯಿಸಲ್ಲ ಅಂತ ಅವನೇ ಹೇಳಿದ್ದಾನೆ. ಇದನ್ನ ಹಿಡಿದುಕೊಂಡು ಹೊರಟರೆ, ಅಪ್ಪನಿಗೆ ಕೊಡಿ, ಹುಡುಗನಿಗೆ ಕೊಡಬೇಡಿ ಅಂತ ಉತ್ತರ ಸಲೀಸಾಗಿ ಬಂದುಬಿಡುತ್ತೆ. ತೊಂದರೆ ಏನಂದರೆ ಅಂಗಡಿ ಒಂದೇ. ಅಪ್ಪನಿಗೆ ಅಂತ ತೆರೆದ ಬಾಗಿಲಲ್ಲಿ ಹುಡುಗ ನುಗ್ತಾನೆ, ಹುಡುಗನಿಗೆ ಅಂತ ಹಾಕಿದ ಬೀಗದಿಂದ ಅಪ್ಪ ಹೊರಗುಳೀತಾರೆ. ಸಿಗರೇಟಿಗೆ ವಯಸ್ಸಿನ ಮಿತಿ ಇಟ್ಟು ನಾವು ಎಷ್ಟು ಚೆನ್ನಾಗಿ ಪಾಲಿಸಿದ್ದೀವಿ ಅಂತ ಗೊತ್ತೇ ಇದೆ. 2024ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ತಿದ್ದುಪಡಿಯಲ್ಲಿ ವಯಸ್ಸನ್ನ 21ಕ್ಕೆ ಏರಿಸಿದರು, ಬಿಡಿ ಸಿಗರೇಟು ಮಾರೋ ಹಾಗಿಲ್ಲ ಅಂದರು. ಇವತ್ತು ಸಂಜೆ ನಿಮ್ಮ ಬೀದಿಯ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ, ಸಾಕು.

ಮಿಲ್‌ನ ಮಾತಿಗೆ ಇನ್ನೊಂದು ತೊಡಕಿದೆ, ಅದು ಅಪ್ಪನದ್ದೇ. ಸ್ವಾತಂತ್ರ್ಯ ಯಾವ ಅಪ್ಪನಿಗೆ? ಬೆಳಗ್ಗೆ ಬಚ್ಚಲಲ್ಲಿ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲೋ ಅಪ್ಪ ಒಬ್ಬರು. "ಇವತ್ತಿಂದ ಬಿಟ್ಟೆ" ಅನ್ನೋದು ಅವರೇ. ರಾತ್ರಿ ಊಟವಾದ ಮೇಲೆ ಷರಟು ಹಾಕಿಕೊಂಡು ಮೂಲೆಗೆ ಹೋಗೋ ಅಪ್ಪ ಇನ್ನೊಬ್ಬರು. ಎರಡೂ ಅವರದ್ದೇ ಇಷ್ಟ. ಮೂರನೆಯವರು ಯಾರೂ ಬಲವಂತ ಮಾಡಿಲ್ಲ. "ಅವರ ದೇಹ, ಅವರಿಷ್ಟ" ಅಂತ ನಾವು ಕೈ ತೊಳೆದುಕೊಂಡರೆ ಪ್ರತಿ ರಾತ್ರಿಯೂ ಗೆಲ್ಲೋದು ಎರಡನೆಯವರು, ಯಾಕಂದರೆ ನಿಕೋಟಿನ್ ಅವರ ಕಡೆ ಇದೆ. ಆ ಕಪ್ಪು ಯಂತ್ರ ಅಪ್ಪನನ್ನ ಚಟದಿಂದ ಬಿಡಿಸಲಿಲ್ಲ, ಅದರಲ್ಲೂ ನಿಕೋಟಿನ್ ಇತ್ತು. ಅದು ಮಾಡಿದ್ದು ಒಂದೇ ಕೆಲಸ: ಬೆಳಗಿನ ಅಪ್ಪ ಕೊಟ್ಟ ಮಾತು ರಾತ್ರಿಯವರೆಗೂ ಉಳಿಯೋ ಹಾಗೆ ಮಾಡಿತು. ನನಗೆ ಆ ಹದಿನಾರು ತಿಂಗಳ ಅಪ್ಪ, ಅದರ ಹಿಂದಿನ ನಲವತ್ತೈದು ವರ್ಷದ ಅಪ್ಪನಿಗಿಂತ ಹೆಚ್ಚು ಸ್ವತಂತ್ರರಾಗಿ ಕಂಡರು. ಮಿಲ್ ಏನನ್ನುತ್ತಿದ್ದನೋ.

ಅದಕ್ಕೇ ಈಗ ಸ್ವಾತಂತ್ರ್ಯದ ವಾದ ಬಿಟ್ಟಿದ್ದೀನಿ. ನನ್ನ ತಕರಾರು ಬೇರೆ, ಅದು ಲೆಕ್ಕಾಚಾರದ್ದು. ಸರ್ಕಾರ 2019ರಲ್ಲಿ ಮಾಡಿದ್ದು ಒಂದು ಆಯ್ಕೆ. ಇನ್ನೂ ಶುರು ಮಾಡದ ಹುಡುಗರನ್ನ ಉಳಿಸೋಕೆ, ಆಗಲೇ ಸಿಕ್ಕಿಬಿದ್ದಿರೋ ಮುದುಕರ ಕೈಯಿಂದ ಒಂದು ಹಗ್ಗ ಕಿತ್ತುಕೊಂಡಿತು. ಇಂಥ ಆಯ್ಕೆಗಳನ್ನ ಸರ್ಕಾರಗಳು ಮಾಡಲೇಬೇಕಾಗುತ್ತೆ. ಅಣೆಕಟ್ಟು ಕಟ್ಟಿದಾಗ ಕೆಲವು ಊರು ಮುಳುಗುತ್ತೆ. ಆದರೆ ಮುಳುಗಡೆ ಊರಿನವರಿಗೆ ಪರಿಹಾರ ಕೊಡಬೇಕು ಅನ್ನೋದನ್ನಾದರೂ ಕಾಗದದ ಮೇಲೆ ಒಪ್ಪಿಕೊಳ್ತೀವಿ. ಇಲ್ಲಿ ಯಾರೋ ಮುಳುಗಿದ್ದಾರೆ ಅನ್ನೋದನ್ನೇ ಒಪ್ಪಿಲ್ಲ. "ಆರೋಗ್ಯ ಕಾಪಾಡಿದೆವು" ಅನ್ನೋದು ಮಾತ್ರ ಇದೆ. ನಿಮ್ಮಿಂದ ಇದನ್ನ ಕಿತ್ತುಕೊಳ್ತಿದ್ದೀವಿ, ಬದಲಿಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ಯಾಚು, ಮಾತ್ರೆ, ಕೂತು ಮಾತಾಡೋ ಒಬ್ಬ ಮನುಷ್ಯ, ಇಷ್ಟು ಕೊಡ್ತೀವಿ ಅಂದಿದ್ದರೆ ನಾನು ನಿಷೇಧಕ್ಕೆ ಸಹಿ ಹಾಕ್ತಿದ್ದೆ. ಅಪ್ಪನಿಗೆ ಸಿಕ್ಕಿದ್ದು ಹಲ್ಲಿನ ಸೆಟ್ಟಿಗೆ ಮೆತ್ತಿಕೊಳ್ಳೋ ಗಮ್ಮು ಮಾತ್ರ, ಅದೂ ದುಡ್ಡು ಕೊಟ್ಟು.

ಆರೋಗ್ಯವೇ ಮುಖ್ಯ ಅನ್ನೋ ಸರ್ಕಾರದ ಇನ್ನೊಂದು ಕೈ ಏನು ಮಾಡ್ತಿದೆ ನೋಡಿ. ತಂಬಾಕು ಬೆಳೆಯನ್ನ ನೋಡಿಕೊಳ್ಳೋಕೆ ವಾಣಿಜ್ಯ ಸಚಿವಾಲಯದ ಕೆಳಗೆ ಒಂದು ಮಂಡಳಿಯೇ ಇದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಾದ ಐಟಿಸಿಯಲ್ಲಿ ಸರ್ಕಾರದ್ದೇ ಆದ ಎಲ್‌ಐಸಿಗೆ ಶೇಕಡಾ 15ರ ಆಸುಪಾಸು ಪಾಲಿದೆ. ಅಂದರೆ ನಾನು ಕಟ್ಟೋ ಪಾಲಿಸಿಯ ಕಂತಿನಲ್ಲಿ ಒಂದಿಷ್ಟು ಅಪ್ಪನ ಪ್ಯಾಕಿನಿಂದ ಲಾಭ ಮಾಡಿಕೊಳ್ಳುತ್ತೆ. ಇದರಲ್ಲಿ ಪಿತೂರಿ ಇದೆ ಅಂತ ನಾನು ಹೇಳ್ತಿಲ್ಲ. ಒಂದು ಮನೆಯಲ್ಲಿ ಅಣ್ಣ ಬಾರ್ ಇಟ್ಟುಕೊಂಡಿದ್ದು, ತಮ್ಮ ಕುಡಿತ ಬಿಡಿಸೋ ಶಿಬಿರ ನಡೆಸಿದರೆ ಅದು ಪಿತೂರಿ ಆಗಲ್ಲ. ಆದರೆ ಅವರಿಬ್ಬರೂ ಸೇರಿ ಎದುರುಮನೆಯವರ ಹೆಂಡದಂಗಡಿ ಮುಚ್ಚಿಸಿ "ಊರಿನ ಒಳ್ಳೇದಕ್ಕೆ" ಅಂದರೆ ನಗು ಬರುತ್ತೆ.

ಇದಕ್ಕಿಂತ ನನ್ನನ್ನ ಹೆಚ್ಚು ಕಾಡೋದು ಇನ್ನೊಂದು. ಈ ನಿಷೇಧ ಯಾರ ಮೇಲೆ ಕೆಲಸ ಮಾಡಿತು? ಕಾನೂನಿಗೆ ಹೆದರೋರ ಮೇಲೆ. ಅಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. "ಬ್ಯಾನ್ ಆಯ್ತಂತೆ, ಇನ್ನು ಬೇಡ ಬಿಡು" ಅಂದವರು ಅವರೇ. ಅವರ ಹತ್ತಿರ ಯಾವ ನಂಬರೂ ಇಲ್ಲ, ತಿಪಟೂರಿನ ನಮ್ಮ ಬೀದಿಗೆ ಯಾರೂ ತಂದುಕೊಡಲ್ಲ. ಇಂದಿರಾನಗರದ ಪಬ್ಬಿನಲ್ಲಿ ನನ್ನ ವಯಸ್ಸಿನವರು ಟೇಬಲ್ ಕೆಳಗೆ ಹಿಡಿದು ಎಳೀತಾರೆ, ಹದಿನಾಲ್ಕರ ಹುಡುಗ ಮೆಸೇಜ್ ಹಾಕಿ ತರಿಸ್ತಾನೆ. ಯಾರನ್ನ ತಡೆಯೋಕೆ ಬೇಲಿ ಹಾಕಿದರೋ ಅವನು ಹಾರಿದ. ದಾಟಲಾರದೆ ಈಚೆ ಉಳಿದವರು ಎಪ್ಪತ್ತರ ಮುದುಕ. ಹಾಗಂತ ಬೇಲಿಯೇ ಬೇಡ ಅನ್ನೋಕೂ ಬಾಯಿ ಬರ್ತಿಲ್ಲ, ಅಕ್ಕನ ಆ ಮೂರು-ಮೂವತ್ತರ ಲೆಕ್ಕ ನೆನಪಾಗುತ್ತೆ. ಬ್ರಿಟನ್ ಕೂಡ 2025ರ ಜೂನ್ 1ರಿಂದ ಒಂದು ಸಲ ಉಪಯೋಗಿಸಿ ಎಸೆಯೋ ವೇಪುಗಳ ಮಾರಾಟ ನಿಲ್ಲಿಸಿತು. ಕೊಟ್ಟ ಕೈಯೇ ಅರ್ಧ ಹಿಂದೆ ತಗೊಂಡ ಹಾಗೆ. ಕಸದ ಕಾರಣವೂ ಇತ್ತು, ಮಕ್ಕಳ ಕಾರಣವೂ ಇತ್ತು. ನನಗೇನಾದರೂ ಅಧಿಕಾರ ಕೊಟ್ಟರೆ (ಕೊಡಲ್ಲ, ಹೆದರಬೇಡಿ) ಹಣ್ಣಿನ ರುಚಿಯನ್ನೂ ಬಣ್ಣವನ್ನೂ ತೆಗೆದು, ಸಾದಾ ಕಪ್ಪು ಯಂತ್ರವನ್ನ ಚೀಟಿ ಬರೆಸಿಕೊಂಡು ಬಂದವರಿಗೆ ಮಾತ್ರ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡಿಸ್ತಿದ್ದೆ. ಅದೂ ಸೋರುತ್ತೆ, ಗೊತ್ತು. ಸೋರದ ಕಾನೂನು ನಾನಂತೂ ನೋಡಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, "ನಿಂಗೆ ಅಪ್ಪನ ಮೇಲೆ ಕನಿಕರ, ಸರಿ. ಆದ್ರೆ ಅಪ್ಪ ತಾನಾಗೇ ಶುರು ಮಾಡಿದ್ದು ಕಣೋ. ಇವನು ಮಗು" ಅಂದಳು.

ಅಪ್ಪನಿಗೆ ಮೊದಲ ಬೀಡಿ ಕೊಟ್ಟಿದ್ದು ಒಬ್ಬ ಲಾರಿ ಡ್ರೈವರ್. ಆಗ ಅಪ್ಪ ಕ್ಲೀನರ್. ಅರಸೀಕೆರೆಯ ಹತ್ತಿರ ಟೈರು ಪಂಕ್ಚರಾಗಿ, ಮಳೆಯಲ್ಲಿ ನೆನೆದು ನಡುಗುತ್ತಿದ್ದ ಹುಡುಗನಿಗೆ "ಎಳಿ, ಬೆಚ್ಚಗಾಗುತ್ತೆ" ಅಂತ ಕೊಟ್ಟಿದ್ದ. ಈ ಕಥೆ ನಮ್ಮಿಬ್ಬರಿಗೂ ಬಾಯಿಪಾಠ. ಅದನ್ನೇ ಅಕ್ಕನಿಗೆ ನೆನಪಿಸಿದೆ. ಕಾನೂನಿನ ಪುಸ್ತಕದಲ್ಲಿ ‘ರಕ್ಷಿಸಬೇಕಾದ ಎಳೆಯ’, ‘ತಾನೇ ತಂದುಕೊಂಡ ಚಟಗಾರ’ ಅಂತ ಇಬ್ಬರು ಬೇರೆ ಬೇರೆ ಮನುಷ್ಯರಿದ್ದಾರೆ. ನಮ್ಮನೆಯಲ್ಲಿ ಅವರ ಮಧ್ಯೆ ಇರೋದು ಬರೀ ಐವತ್ತು ಚಿಲ್ಲರೆ ವರ್ಷ. ನಾಲ್ಕು ವರ್ಷ ಬಿಟ್ಟು ಈ ಹುಡುಗನಿಗೆ ಹದಿನೆಂಟು ತುಂಬಿದ ದಿನ, ಆಗಲೂ ಬಿಡೋಕೆ ಆಗದಿದ್ದರೆ, ಅವನೂ "ತಾನಾಗೇ ಶುರು ಮಾಡಿದವನು" ಆಗಿಬಿಡ್ತಾನೆ. ಆಗ ಅವನಿಗೆ ಏನಿಟ್ಟಿದ್ದೀವಿ?

ಅಕ್ಕ ಉತ್ತರ ಕೊಡಲಿಲ್ಲ. ಆ ಹಸಿರು ವಸ್ತುವನ್ನ ನನ್ನ ಕೈಗೆ ಕೊಟ್ಟು, "ಇದನ್ನ ಇಲ್ಲಿಂದ ತಗೊಂಡು ಹೋಗು" ಅಂದಳು. ಹುಡುಗನನ್ನ ಮಾರನೇ ವಾರ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋದೆವು. ಈಗ ಪರವಾಗಿಲ್ಲ. ಪೂರ್ತಿ ಬಿಟ್ಟಿದ್ದಾನೆ ಅಂತ ಅಕ್ಕ ಹೇಳ್ತಾಳೆ, ನಾನು ಹ್ಞೂಂಗುಟ್ಟುತ್ತೀನಿ.

ಆ ವಸ್ತು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಬ್ಯಾಟರಿ ಇರೋದರಿಂದ ಕಸಕ್ಕೆ ಹಾಕೋ ಹಾಗಿಲ್ಲ, ಇ-ತ್ಯಾಜ್ಯದವರಿಗೆ ಕೊಟ್ಟರೆ ಏನಂದುಕೊಳ್ತಾರೋ ಅಂತ ಸಂಕೋಚ. ಆಗಸ್ಟಿನಲ್ಲಿ ಅಪ್ಪ ಚೆಕಪ್ಪಿಗೆ ಅಂತ ಬೆಂಗಳೂರಿಗೆ ಬಂದು ನಮ್ಮನೆಯಲ್ಲಿ ನಾಲ್ಕು ದಿನ ಇದ್ದರು. ಮೊಮ್ಮಗನ ವಿಷಯ ಅಮ್ಮನಿಂದ ಅವರಿಗೂ ತಲುಪಿತ್ತು. ಎರಡನೇ ದಿನ ಸಂಜೆ ಬಾಲ್ಕನಿಯಲ್ಲಿ ಕೂತಿದ್ದಾಗ ಕೇಳಿದರು.

"ಅದು ನಿನ್ನ ಹತ್ತಿರಾನೇ ಇದೆಯಂತಲ್ಲ."

"ಹ್ಞೂಂ."

"ಇನ್ನೂ ಬರುತ್ತಾ ಅದರಲ್ಲಿ?"

ಬರುತ್ತೆ ಅಂದೆ. ಸುಳ್ಳು ಹೇಳಬಹುದಿತ್ತು.

ಸ್ವಲ್ಪ ಹೊತ್ತು ರಸ್ತೆ ನೋಡಿದರು. ಆಮೇಲೆ, ನನ್ನ ಕಡೆ ತಿರುಗದೆ, "ಅದನ್ನ ನನಗೆ ಕೊಡೋಕಾಗುತ್ತಾ? ಆ ಹಿಂದಿನದ್ದರ ಥರ ಆದರೂ ಆಗಬಹುದು" ಅಂದರು.

ನೀವಾಗಿದ್ದರೆ ಏನು ಮಾಡ್ತಿದ್ದಿರೋ. ಅದರೊಳಗೆ ಏನಿದೆ ಅಂತ ನನಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ಕೈಬದಲಾದ ಮಾಲು, ಪೊಟ್ಟಣದ ಮೇಲೆ ಬರೆದಿದ್ದೇ ಒಳಗಿದೆ ಅನ್ನೋಕೆ ಯಾವ ಖಾತರಿಯೂ ಇಲ್ಲ. ಅವರ ಶ್ವಾಸಕೋಶ ಆಗಲೇ ಅರ್ಧ ಸೋತಿದೆ. ಲಂಡನ್ನಿನ ಆ ಹೆಂಗಸು ಕೊಟ್ಟಿದ್ದ ಕಪ್ಪು ಯಂತ್ರ ಆಗಿದ್ದಿದ್ದರೆ ಎರಡು ಸಲ ಯೋಚನೆ ಮಾಡ್ತಿರಲಿಲ್ಲ. ಅದು ಈಗ ಸಿಗಲ್ಲ. ಸಿಗೋದು ಇದೊಂದೇ. ಮೊಮ್ಮಗನ ಜಾಮಿಟ್ರಿ ಬಾಕ್ಸಿನಿಂದ ಬಂದದ್ದನ್ನ ತಾತನ ಕೈಗೆ ಕೊಡೋಕೆ ನನ್ನ ಕೈ ಬರಲಿಲ್ಲ.

"ಬೇಡಪ್ಪ. ಅದು ಸರಿಯಾದ್ದಲ್ಲ" ಅಂದೆ.

"ಸರಿ ಬಿಡು" ಅಂದರು. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಇನ್‌ಹೇಲರ್ ತೆಗೆದು ಎರಡು ಸಲ ಎಳೆದುಕೊಂಡರು, ಷರಟಿನ ಗುಂಡಿ ಹಾಕಿಕೊಂಡರು, ಚಪ್ಪಲಿ ಮೆಟ್ಟಿದರು.

"ಬೆಳಗ್ಗೆ ಕಾಫಿಗೆ ಹಾಲಿಲ್ಲ ಅಂತಿದ್ದಳು ನಿನ್ನ ಹೆಂಡ್ತಿ. ತಂದುಬಿಡ್ತೀನಿ."

ನಾಲ್ಕು ಮಹಡಿ ಕೆಳಗೆ, ಗೇಟಿನ ಎದುರಿನ ಅಂಗಡಿ ಮುಂದೆ ಅವರು ನಿಂತಿದ್ದು ಬಾಲ್ಕನಿಯಿಂದ ಕಾಣ್ತಿತ್ತು. ಅಂಗಡಿಯವನು ಕೇಳದೆಯೇ ಪ್ಯಾಕು ತೆಗೆದುಕೊಟ್ಟ. ಬಂದು ಎರಡೇ ದಿನವಾಗಿತ್ತು, ಆಗಲೇ ಪರಿಚಯ. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಹಚ್ಚಿದರು. ಅರ್ಧ ಗಂಟೆ ಬಿಟ್ಟು ಮೇಲೆ ಬಂದಾಗ ಏದುಸಿರು ಬಿಡುತ್ತಿದ್ದರು, ಲಿಫ್ಟ್ ಇದ್ದರೂ. ಹಾಲು ಮರೆತು ಬಂದಿದ್ದರು.